ಮಗು ಕಪ್ಪು ಬಣ್ಣ ಬಳಿದರೆ ಖಿನ್ನತೆಯೇ? ನೋವನ್ನು ಚಿತ್ರದ ಮೂಲಕ ಕೇಳುವುದು ಹೇಗೆ?

"ಮಗು ಚಿತ್ರದಲ್ಲಿ ಕಪ್ಪು ಬಣ್ಣ ಬಳಿದರೆ ಖಿನ್ನತೆ, ಕೆಂಪು ಬಳಿದರೆ ಕೋಪ" ಎಂಬಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇನ್ನೊಂದು ಮಾತನ್ನು ಯಾರೂ ಫಾರ್ವರ್ಡ್ ಮಾಡಬೇಕಿಲ್ಲ, ಅದು ಮನೆಮನೆಯಲ್ಲೂ ಇದೆ: "ಸ್ಕ್ಯಾನ್‌ನಲ್ಲಿ ಏನೂ ಬಂದಿಲ್ಲ, ಸ್ಕೂಲ್ ತಪ್ಪಿಸೋಕೆ ಹೊಟ್ಟೆನೋವು ಅಂತಾನೆ." ಎರಡರಲ್ಲೂ ತೀರ್ಪು ಕೊಡುವವರು ದೊಡ್ಡವರೇ, ಮಗುವನ್ನು ಕೇಳಿದವರಿಲ್ಲ. ಹಾಗಾದರೆ ಕೇಳುವುದು ಹೇಗೆ? ನೋಡೋಣ.

ಸ್ಕ್ಯಾನ್ ಸರಿಯಿದ್ದರೆ ನೋವು ಸುಳ್ಳೇ?

ಅಲ್ಲ. 3 ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ ಅಥವಾ ಮತ್ತೆ ಮತ್ತೆ ಬರುವ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಮೈಗ್ರೇನ್, ಮಕ್ಕಳ ಸಂಧಿವಾತ, ಸಿಕಲ್ ಸೆಲ್ ಕಾಯಿಲೆ ಇರುವ ಮಕ್ಕಳಲ್ಲಿ ಇದು ಕಾಣುತ್ತದೆ. ಮತ್ತೆ ಮತ್ತೆ ಹೊಟ್ಟೆನೋವು ಬರುವ ಎಷ್ಟೋ ಮಕ್ಕಳ ಪರೀಕ್ಷೆಗಳೆಲ್ಲ ನಾರ್ಮಲ್ ಬರುತ್ತವೆ. ಅಲ್ಲಿ ಕರುಳಿಗೂ ಮೆದುಳಿಗೂ ನಡುವಿನ ನರಗಳ ಸಂದೇಶ ಅತಿಸೂಕ್ಷ್ಮವಾಗಿರುತ್ತದೆ. ಅದನ್ನು ಸ್ಕ್ಯಾನ್ ತೋರಿಸುವುದಿಲ್ಲ. ಆದರೆ ನೋವು ನಿಜ.

ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿತು. ಒಬ್ಬರು ತಮಗೆ ನೋವಿದೆ ಎಂದರೆ ಆ ಮಾತನ್ನು ಗೌರವಿಸಬೇಕು ಎಂದು ಅದು ಹೇಳುತ್ತದೆ. ನೋವನ್ನು ತಿಳಿಸುವ ಹಲವು ದಾರಿಗಳಲ್ಲಿ ಮಾತು ಒಂದು ಮಾತ್ರ ಎಂದೂ ಹೇಳುತ್ತದೆ.

ಇದನ್ನು ಒತ್ತಿ ಹೇಳಬೇಕಾದ ಕಾರಣವೂ ಇದೆ. 1980ರ ದಶಕದವರೆಗೂ ಹಸುಗೂಸುಗಳಿಗೆ ನೋವು ಅಷ್ಟಾಗಿ ತಿಳಿಯುವುದಿಲ್ಲವೆಂದು ನಂಬಿ, ತೀರಾ ಕಡಿಮೆ ಅರಿವಳಿಕೆಯಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಿದ್ದುದು ಉಂಟು. ಭಾರತ ಮೂಲದ ವೈದ್ಯ ಕೆ.ಜೆ.ಎಸ್. ಆನಂದ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚುವರಿಯಾಗಿ ನೋವು ನಿವಾರಕ ಪಡೆದ ಅವಧಿಪೂರ್ವ ಶಿಶುಗಳು ಶಸ್ತ್ರಚಿಕಿತ್ಸೆಯನ್ನು ಹೆಚ್ಚು ಚೆನ್ನಾಗಿ ತಡೆದುಕೊಂಡಿದ್ದವು. ಅಭ್ಯಾಸ ಬದಲಾಗಲು ಅದು ದೊಡ್ಡ ಕಾರಣವಾಯಿತು.

ಮಾತು ಸಾಲದಿದ್ದಾಗ ಚಿತ್ರ

ಸಿಡಿತ, ಸೆಳೆತ, ಉರಿ, ಹಿಂಡಿದ ಹಾಗೆ, ಚುಳ್ ಅನ್ನೋದು, ಜುಮುಜುಮು. ನೋವಿಗೆ ನಮ್ಮಲ್ಲಿ ಎಷ್ಟೊಂದು ಪದಗಳಿವೆ! ಆದರೆ ಆರು ವರ್ಷದ ಮಗುವಿಗೆ "ನೋಯ್ತದೆ" ಎಂಬುದೊಂದೇ ಗೊತ್ತಿರಬಹುದು. ಅದಕ್ಕೇ ಸಂಶೋಧಕರು ಕಾಗದ, ಬಣ್ಣ, ದೇಹದ ರೇಖಾಚಿತ್ರ, ಕ್ಯಾಮೆರಾಗಳ ಮೊರೆ ಹೋದರು.

ಆಸ್ಪತ್ರೆಯ ಗೋಡೆಯಲ್ಲಿ ಆರು ಮುಖಗಳ ಸಾಲನ್ನು ನೀವು ನೋಡಿರಬಹುದು. ಅಮೆರಿಕದ ಡೊನ್ನಾ ವಾಂಗ್ ಮತ್ತು ಕೋನಿ ಬೇಕರ್ 1980ರ ದಶಕದಲ್ಲಿ ಮಕ್ಕಳಿಂದಲೇ ಮುಖಗಳನ್ನು ಬರೆಸಿ ಇದನ್ನು ರೂಪಿಸಿದರು. ಮುಖವನ್ನು ಆರಿಸಬೇಕಾದದ್ದು ಮಗುವೇ. ಮಗುವಿನ ಮುಖ ನೋಡಿ ನಾವು ಅಂಕ ಹಾಕುವುದಲ್ಲ. ಅಳುವ ಮುಖವನ್ನು ಆರಿಸಲು ಮಗು ಅಳುತ್ತಿರಲೇಬೇಕು ಎಂದೂ ಇಲ್ಲ. ವರ್ಷಗಟ್ಟಲೆ ನೋವುಂಡ ಮಕ್ಕಳು ಆಡುತ್ತಲೇ, ಟಿವಿ ನೋಡುತ್ತಲೇ ನೋವು ತಡೆದುಕೊಂಡಿರುತ್ತಾರೆ.

ಚಿತ್ರದಿಂದ ಎಷ್ಟು ಗೊತ್ತಾಗುತ್ತದೆ?

2002ರಲ್ಲಿ ಅಮೆರಿಕದ ನರರೋಗ ತಜ್ಞ ಕಾರ್ಲ್ ಸ್ಟಾಫ್‌ಸ್ಟ್ರಾಮ್ ಮತ್ತು ಸಹೋದ್ಯೋಗಿಗಳು ತಲೆನೋವಿದ್ದ 226 ಮಕ್ಕಳ ಅಧ್ಯಯನವನ್ನು ಪ್ರಕಟಿಸಿದರು. ವೈದ್ಯರು ಪ್ರಶ್ನೆ ಕೇಳುವ ಮೊದಲೇ ಮಕ್ಕಳು ತಮ್ಮ ತಲೆನೋವನ್ನು ಚಿತ್ರವಾಗಿ ಬರೆದರು. ಮಗುವಿನ ಕಾಯಿಲೆಯ ವಿವರ ಗೊತ್ತಿರದ ತಜ್ಞರು ಚಿತ್ರ ಮಾತ್ರ ನೋಡಿ ಅದು ಮೈಗ್ರೇನ್ ಹೌದೋ ಅಲ್ಲವೋ ಎಂದು ಹೇಳಬೇಕಿತ್ತು. ತಲೆಗೆ ಬಡಿಯುವಂಥ ಏಟು, ವಾಂತಿ, ಕತ್ತಲೆ ಕೋಣೆಯಲ್ಲಿ ಮಲಗುವ ಆಸೆ ಇಂಥವು ಮೈಗ್ರೇನ್‌ನ ಸುಳಿವು.

ಮೈಗ್ರೇನ್ ಇದ್ದ ಮಕ್ಕಳಲ್ಲಿ ಸುಮಾರು 93% ಮಂದಿಯನ್ನು ಚಿತ್ರಗಳೇ ಸರಿಯಾಗಿ ಗುರುತಿಸಿದವು. ಆದರೆ ಮೈಗ್ರೇನ್ ಇಲ್ಲದವರಲ್ಲಿ ಸುಮಾರು 17% ಮಕ್ಕಳ ಚಿತ್ರಗಳನ್ನೂ ಮೈಗ್ರೇನ್ ಎಂದೇ ಓದಲಾಗಿತ್ತು. ಅಂದರೆ ಚಿತ್ರ ಒಳ್ಳೆಯ ಸುಳಿವು ಕೊಡುತ್ತದೆ. ಅದೊಂದನ್ನೇ ನಂಬಿ ರೋಗ ನಿರ್ಧರಿಸಲು ಆಗದು.

ಬಣ್ಣದ ಫಾರ್ವರ್ಡ್ ಯಾಕೆ ತಪ್ಪು?

ಜೋಆನ್ ಈಲ್ಯಾಂಡ್ ಎಂಬ ಶುಶ್ರೂಷಾ ಸಂಶೋಧಕಿ ರೂಪಿಸಿದ ವಿಧಾನವೊಂದಿದೆ. ಅದರಲ್ಲಿ ಅತಿ ಹೆಚ್ಚು ನೋವಿಗೆ ಯಾವ ಬಣ್ಣ, ಸ್ವಲ್ಪ ನೋವಿಗೆ ಯಾವುದು, ನೋವಿಲ್ಲದ್ದಕ್ಕೆ ಯಾವುದು ಎಂದು ಮಗುವೇ ಮೊದಲು ಆರಿಸುತ್ತದೆ. ಆಮೇಲೆ ದೇಹದ ಚಿತ್ರದಲ್ಲಿ ಆ ಬಣ್ಣಗಳನ್ನು ತುಂಬುತ್ತದೆ. ಒಂದು ಮಗುವಿಗೆ ಕೆಂಪು, ಇನ್ನೊಂದಕ್ಕೆ ನೀಲಿ. ಎಲ್ಲ ಮಕ್ಕಳಿಗೂ ಒಂದೇ ನಿಘಂಟು ಇಲ್ಲ. ಡಬ್ಬಿಯಲ್ಲಿ ಉಳಿದಿದ್ದದ್ದು ಕಪ್ಪು ಕ್ರೇಯಾನ್ ಒಂದೇ ಆಗಿದ್ದರೂ ಆದೀತು! ಆದ್ದರಿಂದ ಗಂಭೀರ ಸಂಶೋಧನೆಯಲ್ಲಿ ಚಿತ್ರ ಬರೆದಾದ ಮೇಲೆ ಅದರ ಅರ್ಥವನ್ನು ಮಗುವಿನ ಬಾಯಿಂದಲೇ ಕೇಳುತ್ತಾರೆ.

ಫೋಟೊ ಯಾರದ್ದು?

ತಮ್ಮ ಬದುಕನ್ನು ತಾವೇ ಫೋಟೊ ತೆಗೆದು ವಿವರಿಸುವ ವಿಧಾನಕ್ಕೆ ಫೋಟೊವಾಯ್ಸ್ ಎಂದು ಹೆಸರು. 1990ರ ದಶಕದಲ್ಲಿ ಚೀನಾದ ಯುನ್ನಾನ್‌ನ ಹಳ್ಳಿ ಹೆಂಗಸರ ಜೊತೆ ಶುರುವಾದ ಇದನ್ನು ಈಗ ಮಕ್ಕಳ ಜೊತೆಗೂ ಬಳಸುತ್ತಾರೆ. ಶಾಲೆಯ ಮೆಟ್ಟಿಲು, ಖಾಲಿ ಆಟದ ಮೈದಾನದಂಥ ಒಂದು ಫೋಟೊ ನೋವು ಏನನ್ನು ಕಿತ್ತುಕೊಂಡಿದೆ ಎಂದು ಹೇಳಬಲ್ಲದು.

ಆದರೆ ಆ ಫೋಟೊ, ಚಿತ್ರ ಮಗುವಿನದು. ನಮ್ಮ ದೇಶದಲ್ಲಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಸಂಶೋಧನೆಗೆ ಪೋಷಕರ ಒಪ್ಪಿಗೆ ಸಾಲದು, 7 ವರ್ಷ ದಾಟಿದ ಮಗುವಿನ ಸಮ್ಮತಿಯೂ ಬೇಕು. ಇದೇ ಮರ್ಯಾದೆ ಮನೆಯಲ್ಲೂ ಇರಲಿ. ಆಸ್ಪತ್ರೆ ಹಾಸಿಗೆಯಲ್ಲಿರುವ ಮಗುವಿನ ಫೋಟೊವನ್ನು ಗ್ರೂಪಿಗೆ ಹಾಕುವ ಮುನ್ನ ಒಮ್ಮೆ ಅದನ್ನೇ ಕೇಳಿ.

ಮನೆಯಲ್ಲಿ ಏನು ಮಾಡಬಹುದು?

• ಕಾಗದ, ಬಣ್ಣ ಕೊಟ್ಟು "ನೋವು ಬಂದಾಗ ಹೇಗಿರುತ್ತೆ, ಬರೆದು ತೋರಿಸ್ತೀಯಾ?" ಎನ್ನಿ. ಬೇಡ ಎಂದರೆ ಬಿಡಿ.
• "ಕಪ್ಪು ಯಾಕೆ ಹಾಕಿದೆ?" ಎನ್ನದೆ "ಈ ಚಿತ್ರದ ಬಗ್ಗೆ ಹೇಳು ಪುಟ್ಟಾ" ಎನ್ನಿ.
• ಚಿತ್ರದ ಮೇಲೆ ತಾರೀಖು ಹಾಕಿ ವೈದ್ಯರಿಗೆ ತೋರಿಸಿ.
• ದಿನವೂ ಬರೆಸಬೇಡಿ. ಸದಾ ನೋವಿನ ವಿಚಾರಿಸಿದರೆ ಮಗುವಿನ ಗಮನವೂ ಅಲ್ಲೇ ನಿಲ್ಲುತ್ತದೆ.
• ಜ್ವರ, ತೂಕ ಇಳಿಕೆ, ಕೀಲು ಊತ, ನಿದ್ದೆಯಿಂದ ಎಬ್ಬಿಸುವ ನೋವು, ವಾಂತಿಯ ಜೊತೆ ದಿಢೀರ್ ತಲೆನೋವು ಕಂಡರೆ ಚಿತ್ರಕ್ಕೆ ಕಾಯದೆ ಕೂಡಲೇ ವೈದ್ಯರನ್ನು ಕಾಣಿ.

ಮುಂದಿನ ಸಲ ಬಣ್ಣದ ಸಂದೇಶ ಬಂದಾಗ ಫಾರ್ವರ್ಡ್ ಒತ್ತುವ ಮೊದಲು ನೆನಪಿಡಿ: ಮಗು ಬರೆದ ಚಿತ್ರದ ಅರ್ಥ ಗೊತ್ತಿರುವುದು ಅದನ್ನು ಬರೆದ ಮಗುವಿಗೆ. ಪಕ್ಕದಲ್ಲಿ ಕೂತು ಕೇಳಿದರೆ ಅದೇ ಹೇಳುತ್ತದೆ.