ಉಬ್ಬರದ ಹೊತ್ತು ದಂಡೆಯಲ್ಲೇ ಬರೆದಿರಲಿ

ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ನಮ್ಮ ಕಡೆಯ ಹೆಂಗಸರು ಸೊಂಟಮಟ್ಟ ನೀರಲ್ಲಿ ನಿಂತು, ಕಾಲಲ್ಲೇ ತಡಕಿ ಬಳಚು ಎಂಬ ಚಿಪ್ಪುಜೀವಿಗಳನ್ನು ಆರಿಸುತ್ತಾರೆ. ನೀರು ಯಾವಾಗ ತಿರುಗುತ್ತದೆಂದು ಅವರಿಗೆ ತಿಥಿಯಿಂದಲೇ ಗೊತ್ತು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದುಗೂಡಿ ಉಬ್ಬರವೂ ಜೋರು, ಇಳಿತವೂ ಜೋರು. ಅಷ್ಟಮಿ ಹೊತ್ತಿಗೆ ಎರಡೂ ಸಪ್ಪೆ. ಹೊತ್ತು ಮಾತ್ರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಲೇ ಇರುತ್ತದೆ.

ಹೊರಗಿಂದ ಬಂದ ಪ್ರವಾಸಿಗೆ ಇದು ತಿಳಿಯುವುದು ಹೇಗೆ? ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಆದರೆ ಎರಡು ಉಬ್ಬರಗಳ ಎತ್ತರ ಒಂದೇ ಅಲ್ಲ. ಬೆಳಿಗ್ಗೆ ಕೂತ ಬಂಡೆ ಸಂಜೆಯೂ ಒಣಗಿರುತ್ತದೆಂದು ನಂಬಿದರೆ ಜೀವಕ್ಕೇ ಅಪಾಯ. ಗುಜರಾತಿನ ಭಾವನಗರದಲ್ಲಿ ನೀರು 10 ಮೀಟರಿನಷ್ಟು ಏರಿಳಿಯುತ್ತದೆ. ನಮ್ಮಲ್ಲಿ 2 ಮೀಟರಿನ ಆಸುಪಾಸು, ಆದರೂ ಅಷ್ಟೇ ಸಾಕು. ಮಳೆಗಾಲದ ದೊಡ್ಡ ಉಬ್ಬರಕ್ಕೆ ಹೊಳೆಯ ನೆರೆಯೂ ಸೇರಿದರೆ ನೀರು ಸಮುದ್ರಕ್ಕೆ ಇಳಿಯದೆ ಅಳಿವೆಯಂಚಿನ ಗಜನಿ ಗದ್ದೆಗೆ ನುಗ್ಗುತ್ತದೆ.

ಉಬ್ಬರ-ಇಳಿತದ ಕೋಷ್ಟಕವನ್ನು ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಮುಂಚಿತವಾಗಿಯೇ ಪ್ರಕಟಿಸುತ್ತದೆ. ಅದನ್ನು ನೋಡಿ ಆಯಾ ದಿನದ ಹೊತ್ತನ್ನು ಕನ್ನಡದಲ್ಲಿ ಹಲಗೆಯ ಮೇಲೆ ಬರೆಯಲು ದೊಡ್ಡ ಖರ್ಚೇನೂ ಬೇಡ. ಗೋಕರ್ಣ, ಮುರ್ಡೇಶ್ವರ, ಮಲ್ಪೆಯ ದಂಡೆಗಳಲ್ಲಿ ಸ್ಥಳೀಯ ಆಡಳಿತಗಳು ಈ ಕೆಲಸವನ್ನು ಬರುವ ಮಳೆಗಾಲಕ್ಕೆ ಮುಂಚೆಯೇ ಶುರು ಮಾಡಲಿ.