ಫಾರ್ಮ್ಯಾಟ್ ಮಾಡೋಕೆ ಮುಂಚೆ ಒಂದ್ನಿಮಿಷ

ಆಷಾಢದ ಭಾನುವಾರ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ನಾನಿನ್ನೂ ಹಾಸಿಗೆ ಬಿಟ್ಟಿರಲಿಲ್ಲ, ಅಪ್ಪನ ಫೋನ್ ಬಂತು.

"ಪುಟ್ಟಿ, ಕಂಪ್ಯೂಟರ್ ಆನ್ ಆಗ್ತಿಲ್ಲ. ಅಂಗಡಿ ಹುಡುಗನ್ನ ಕೇಳ್ದೆ. ತಗೊಂಡ್ ಬನ್ನಿ ಸಾರ್, ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿ ಕೊಡ್ತೀನಿ ಅಂದ. ಕೊಟ್ಟು ಬರ್ಲಾ?"

ನನ್ನ ನಿದ್ದೆ ಹಾರಿಹೋಯ್ತು.

ಅದು ನನ್ನ ಓದಿಗೆ ಅಂತ 2013ರಲ್ಲಿ ಕೊಂಡ ಡೆಸ್ಕ್‌ಟಾಪ್. ಈಗ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪನ ಸಂಗಾತಿ. ಅಡಿಕೆ ಲೆಕ್ಕ ಬರೆಯೋದು, ನುಡಿಯಲ್ಲಿ ಪತ್ರ ಟೈಪ್ ಮಾಡೋದು ಎಲ್ಲ ಅದರಲ್ಲೇ. ಅದರ ಪರದೆಯ ಮೇಲೆ ‘ಅಮ್ಮ’ ಅಂತ ಒಂದು ಫೋಲ್ಡರ್ ಇದೆ. ಅಮ್ಮ ಹೇಳುತ್ತಿದ್ದ ಹಾಡುಗಳನ್ನು ಅಪ್ಪ ತನ್ನ ಹಳೇ ಫೋನಿನಲ್ಲಿ ರೆಕಾರ್ಡ್ ಮಾಡಿ ಅಲ್ಲಿಗೆ ಹಾಕಿದ್ದ. ಆಮೇಲೆ ಆ ಫೋನ್ ಕೆಟ್ಟಿತು. ಅಮ್ಮ ಹೋಗಿ ಎರಡು ವರ್ಷವಾಯಿತು. ಆ ಹಾಡುಗಳ ಇನ್ನೊಂದು ಕಾಪಿ ಎಲ್ಲೂ ಇಲ್ಲ.

"ಮುಂದಿನ ಸಲ ಬಂದಾಗ ಕಾಪಿ ಮಾಡ್ಕೋತೀನಿ ಅಪ್ಪಾ" ಅಂತ ನಾನು ಹೇಳುತ್ತಲೇ ಎರಡು ದೀಪಾವಳಿ ಕಳೆದಿವೆ. ಆಫೀಸಿನಲ್ಲಿ ಪ್ರತಿ ರಾತ್ರಿ ಬ್ಯಾಕಪ್ ಸರಿಯಾಗಿ ಆಯ್ತಾ ಅಂತ ನೋಡೋದು ನನ್ನದೇ ಕೆಲಸ. ಇದನ್ನು ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ.

"ಅಪ್ಪಾ, ಯಾರಿಗೂ ಕೊಡಬೇಡ. ಪರದೆ ಮೇಲಿಟ್ಟ ಫೈಲೆಲ್ಲ ಇರೋದು ಸಿ ಡ್ರೈವ್‌ನಲ್ಲಿ. ಫಾರ್ಮ್ಯಾಟ್ ಮಾಡಿದ್ರೆ ಮೊದಲು ಹೋಗೋದೇ ಅದು. ಆನ್ ಆಗ್ತಿಲ್ಲ ಅಂದ್ರೆ ಏನಾಗ್ತಿದೆ, ಸರಿಯಾಗಿ ಹೇಳು."

ನಾವೆಲ್ಲ ಎಡವೋದು ಇಲ್ಲೇ. ‘ಆನ್ ಆಗ್ತಿಲ್ಲ’ ಅನ್ನೋದು ಒಂದು ಕಾಯಿಲೆ ಅಲ್ಲ, ಮೂರು.

ಒಂದನೆಯದು, ಬಟನ್ ಒತ್ತಿದರೂ ದೀಪ ಇಲ್ಲ, ಫ್ಯಾನ್ ಸದ್ದಿಲ್ಲ. ಇದು ಕರೆಂಟಿನ ಸಮಸ್ಯೆ. ಪ್ಲಗ್, ಕೇಬಲ್, ಯುಪಿಎಸ್, ಕ್ಯಾಬಿನೆಟ್ ಹಿಂದಿನ ಸ್ವಿಚ್ ಎಲ್ಲ ನೋಡಬೇಕು. ಆಮೇಲೂ ಜೀವ ಬರದಿದ್ದರೆ ಅನುಮಾನ ಎಸ್‌ಎಂಪಿಎಸ್ ಮೇಲೆ. ಅದನ್ನು ಬೇರೆಯದು ಹಾಕಿ ನೋಡಬಹುದು, ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.

ಎರಡನೆಯದು, ದೀಪ ಬರುತ್ತೆ, ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು. ಮಾನಿಟರ್ ಕೇಬಲ್ ಗಟ್ಟಿಯಾಗಿದ್ದರೆ ಮುಂದಿನ ಅನುಮಾನ ರ‍್ಯಾಮ್ ಮೇಲೆ.

ಮೂರನೆಯದು, ಕಂಪನಿಯ ಲೋಗೋ ಬಂದು ಅಲ್ಲೇ ನಿಲ್ಲುತ್ತೆ, ಇಲ್ಲಾ ಬೂಟ್ ಮಾಡೋಕೆ ಡಿಸ್ಕ್ ಸಿಗ್ತಿಲ್ಲ ಅಂತ ಬರುತ್ತೆ. ಇದು ಡಿಸ್ಕ್ ಅಥವಾ ವಿಂಡೋಸಿನ ಸಮಸ್ಯೆ. ಫಾರ್ಮ್ಯಾಟ್ ಅನ್ನೋ ಮದ್ದು ನಾಟುವುದಿದ್ದರೆ ಈ ಮೂರನೆಯದಕ್ಕೆ ಮಾತ್ರ, ಅದೂ ಎಲ್ಲ ಸಲ ಅಲ್ಲ.

"ಫ್ಯಾನ್ ತಿರುಗ್ತಿದೆ, ಪರದೆ ಕಪ್ಪು" ಅಂದ ಅಪ್ಪ. ಹಾಗಾದರೆ ಎರಡನೆಯದು.

"ಬೀಪ್ ಬೀಪ್ ಅಂತ ಕೂಗ್ತಿದ್ಯಾ?"

"ಹೌದಲ್ಲ! ಯುಪಿಎಸ್ ಕೂಗ್ತಿದೆ ಅಂದ್ಕೊಂಡು ಅದನ್ನ ಎರಡು ಸಲ ಆಫ್ ಮಾಡ್ದೆ."

ಅರ್ಧ ಉತ್ತರ ಸಿಕ್ಕಿತು. ಪರದೆಗೆ ಏನೂ ತೋರಿಸಲಾಗದಾಗ ಮದರ್‌ಬೋರ್ಡ್ ತನ್ನ ತೊಂದರೆಯನ್ನು ಬೀಪ್ ಮಾಡಿ ಹೇಳುತ್ತೆ. ಎಷ್ಟು ಬೀಪಿಗೆ ಏನರ್ಥ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಆದರೆ ಹಳೇ ಡೆಸ್ಕ್‌ಟಾಪ್ ಬಿಡದೆ ಕೂಗ್ತಿದ್ದರೆ ಮೊದಲು ನೋಡಬೇಕಾದ್ದು ರ‍್ಯಾಮ್. ನಮ್ಮ ಮಳೆಗಾಲದಲ್ಲಿ ಗೋಡೆಯೇ ಬೆವರುತ್ತೆ, ರ‍್ಯಾಮಿನ ತುದಿಗೆ ಮಂಕು ಹಿಡಿಯೋದರಲ್ಲಿ ಆಶ್ಚರ್ಯವಿಲ್ಲ.

ವಿಡಿಯೋ ಕಾಲ್ ಶುರುವಾಯಿತು. ಪ್ಲಗ್ ಪೂರ್ತಿ ತೆಗೆಸಿದೆ. ಒಳಗೆ ಉಳಿದ ಕರೆಂಟು ಇಳಿಯಲಿ ಅಂತ ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಸಿದೆ. ಪಕ್ಕದ ತಗಡಿನ ಎರಡು ಸ್ಕ್ರೂ ಬಿಚ್ಚಿದ ಮೇಲೆ, ಕೈಯಲ್ಲಿರೋ ಸ್ಥಿರ ವಿದ್ಯುತ್ ಇಳಿಯೋಕೆ ಕ್ಯಾಬಿನೆಟ್ಟಿನ ಬರೀ ಲೋಹ ಮುಟ್ಟಿಸಿದೆ. ರ‍್ಯಾಮಿನ ಎರಡು ತುದಿಯ ಕ್ಲಿಪ್ ಒತ್ತಿದರೆ ಅದು ಮೇಲೆ ಬರುತ್ತೆ. ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ‘ಟಕ್’ ಅನ್ನೋವರೆಗೆ ವಾಪಸ್ ಒತ್ತಬೇಕು. ನಿವೃತ್ತ ಮೇಷ್ಟ್ರ ಮನೆಯಲ್ಲಿ ರಬ್ಬರಿಗೆ ಬರವೇ?

ಬಟನ್ ಒತ್ತಿದ. ಬೀಪ್ ಇಲ್ಲ. ಪರದೆ ಬೆಳಗಿತು. ಆದರೆ ತಾರೀಕು ಸರಿಯಿಲ್ಲ, ಎಫ್1 ಒತ್ತಿ ಅಂತ ಬಂತು.

"ಇದರ ಪ್ರಕಾರ ಇವತ್ತು 2012ರ ಜನವರಿ ಒಂದು" ಅಂತ ಅಪ್ಪ ಓದಿದ. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ನಿಮ್ಮಮ್ಮ ಒಳಗೆ ದೋಸೆ ಹುಯ್ತಿರ್ಬೇಕು" ಅಂದ.

ಇಬ್ಬರೂ ನಕ್ಕೆವು. ಆಮೇಲೆ ಇಬ್ಬರೂ ಮಾತಾಡಲಿಲ್ಲ.

ತಾರೀಕು ಹಿಂದೆ ಹೋದದ್ದಕ್ಕೆ ಕಾರಣ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ, ಸಿಆರ್2032, 3 ವೋಲ್ಟಿನದು. ಪ್ಲಗ್ ತೆಗೆದಾಗ ಗಡಿಯಾರ ನಡೆಸೋದು ಅದೇ. ಅದು ಸತ್ತರೆ ತಾರೀಕು ಮರೆತುಹೋಗುತ್ತೆ, ತಾರೀಕು ತಪ್ಪಾದರೆ ವೆಬ್‌ಸೈಟುಗಳು ಸುರಕ್ಷಿತ ಅಲ್ಲ ಅಂತ ತಕರಾರು ಮಾಡುತ್ತವೆ. ಹೊಸದು ಹಾಕಿದರೆ ಮುಗೀತು.

ನಿಮ್ಮ ಮನೆಯದು ಮೂರನೇ ಥರದ ಕಾಯಿಲೆಯಾದರೆ ಮೊದಲು ಪೆನ್‌ಡ್ರೈವ್, ಪ್ರಿಂಟರ್ ಎಲ್ಲ ಕಿತ್ತು ನೋಡಿ. ಮರೆತು ಬಿಟ್ಟ ಪೆನ್‌ಡ್ರೈವಿನಿಂದಲೇ ಬೂಟ್ ಆಗೋಕೆ ಹೋಗಿ ನಿಲ್ಲೋದುಂಟು. ವಿಂಡೋಸ್ ಎರಡು ಮೂರು ಸಲ ಅರ್ಧಕ್ಕೆ ಸೋತರೆ ತಾನೇ ರಿಪೇರಿ ಪರದೆ ತರುತ್ತೆ. ಅಲ್ಲಿಂದ ಸೇಫ್ ಮೋಡ್‌ಗೆ ಹೋಗಬಹುದು. ಹಾರ್ಡ್‌ಡಿಸ್ಕ್ ‘ಟಿಕ್ ಟಿಕ್’ ಅಂತಿದ್ದರೆ ಮಾತ್ರ ಮತ್ತೆ ಮತ್ತೆ ಆನ್ ಮಾಡಬೇಡಿ, ಪ್ರತಿ ಸಲವೂ ಹಾನಿ ಹೆಚ್ಚಬಹುದು. ಅಂಗಡಿಗೆ ಕೊಡುವಾಗ ಮೊದಲ ಮಾತು "ಡೇಟಾ ಬೇಕು, ಕೇಳದೆ ಫಾರ್ಮ್ಯಾಟ್ ಮಾಡಬೇಡಿ" ಅಂತಿರಲಿ. ಕಂಪ್ಯೂಟರ್ ಸತ್ತರೂ ಡಿಸ್ಕ್ ಚೆನ್ನಾಗಿದ್ದರೆ ಬೇರೆ ಯಂತ್ರಕ್ಕೆ ಸಿಕ್ಕಿಸಿ ಫೈಲ್ ತೆಗೆಯಬಹುದು.

ಹೊಸ ಲ್ಯಾಪ್‌ಟಾಪ್ ಇರೋರಿಗೆ ಇನ್ನೊಂದು ಮಾತು. ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇರುತ್ತೆ. ಯಂತ್ರ ಕೆಟ್ಟ ದಿನ ಅದು 48 ಅಂಕಿಯ ಕೀ ಕೇಳಬಹುದು. ಸಾಮಾನ್ಯವಾಗಿ ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತೆ. ಯಂತ್ರ ಚೆನ್ನಾಗಿರುವಾಗಲೇ ನೋಡಿ, ಕಾಗದದಲ್ಲಿ ಬರೆದಿಡಿ.

ಆವತ್ತು ಕಾಲ್ ಕಟ್ ಮಾಡೋಕೆ ನಾನು ಬಿಡಲಿಲ್ಲ. ‘ಅಮ್ಮ’ ಫೋಲ್ಡರ್ ಪೆನ್‌ಡ್ರೈವಿಗೆ ಹೋಯಿತು, ಗೂಗಲ್ ಡ್ರೈವಿಗೂ ಹೋಯಿತು. ಸರಿಯಾಗಿ ಬಂದಿದೆಯಾ ಅಂತ ನಾನು ಇಲ್ಲಿ ಒಂದು ಫೈಲ್ ತೆರೆದೆ. ಹಾಡು ಮುಗಿದ ಮೇಲೆ ಹಿಂದೆ ಕುಕ್ಕರ್ ಕೂಗಿತು. "ಸಾಕು ರೀ, ಆಫ್ ಮಾಡಿ ಅದನ್ನ" ಅಂತ ಅಮ್ಮನ ದನಿ.

ಇವತ್ತು ಸಂಜೆ ಊರಿಗೆ ಫೋನ್ ಮಾಡುವಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಕೇಳಿ. ನಮ್ಮನೆ ಕಂಪ್ಯೂಟರಿನಲ್ಲಿ, ನಿಮ್ಮ ಹಳೇ ಫೋನಿನಲ್ಲಿ, ಒಂದೇ ಒಂದು ಕಾಪಿ ಇರೋದು ಏನೇನಿದೆ? ಮುಂದಿನ ಹಬ್ಬದವರೆಗೆ ಕಾಯಬೇಡಿ.