ತಲೆಭಾರ ಇಳಿಸೋ ಹೊಗೆ

ಕುಪ್ಪೇಲೂರು, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ನಮ್ಮ ಕೇರಿ ಹುಡುಗರನ್ನು ಗಾಂಜಾ ಯಾಕೆ ಸೇದ್ತೀರಿ ಅಂತ ಕೇಳಿದರೆ ಉತ್ತರ ಒಂದೇ: 'ಟೆನ್ಷನ್ ರೀ, ತಲಿ ಹಗುರಾಕ್ಕೈತಿ.' ಬುದ್ಧಿ ಹೇಳುವ ಮೊದಲು ಆ ಟೆನ್ಷನ್ ಯಾವುದೆಂದು ನೋಡೋಣ. ಮಂದಿ ಹೊಲದ ಕೂಲಿ, ಅದೂ ವರ್ಷವಿಡೀ ಇಲ್ಲ. ವಾರವಾರ ಬಾಗಿಲಿಗೆ ಬರುವ ಸಾಲದ ಕಂತು. 2025ರ ಜನವರಿಯಲ್ಲಿ ಇದೇ ಹಾವೇರಿ ಜಿಲ್ಲೆಯ ಹೆಂಗಸರು ಮೈಕ್ರೋಫೈನಾನ್ಸ್ ಕಾಟ ತಾಳದೆ ಮುಖ್ಯಮಂತ್ರಿಗೆ ತಾಳಿಯನ್ನೇ ಅಂಚೆಯಲ್ಲಿ ಕಳಿಸಿದರು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ಸಾಲ ಹಾಗೇ ಉಳಿಯಿತು.

ಹೊಗೆ ಒಂದೆರಡು ತಾಸು ಮರೆಸ್ತದೆ, ಖರೆ. ಆದರೆ ದಿನಾ ಸೇದುವವನಿಗೆ ಬಿಟ್ಟ ದಿನ ನಿದ್ದೆ ಬಾರದು, ಸಿಟ್ಟು ನೆತ್ತಿಗೇರುತ್ತದೆ. ಕೆಲವರಿಗೆ ಇಲ್ಲದ ದನಿ ಕೇಳಿಸಿ ಮನೆಯವರ ಮೇಲೇ ಸಂಶಯ ಹತ್ತುತ್ತದೆ. ಕೂಲಿ ತಪ್ಪುತ್ತದೆ, ಕಂತು ತಪ್ಪುವುದಿಲ್ಲ.

ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದ. (ಅಲ್ಲಿಯ ಭಕ್ತರನ್ನು ನಾವು ದೂರುತ್ತಿಲ್ಲ.) ಕೇರಿ ಹುಡುಗನ ಜೇಬಿನಲ್ಲಿ ಸಿಕ್ಕರೆ ಅದೇ ಕೇಸು. 1985ರ ಮಾದಕ ವಸ್ತು ಕಾಯ್ದೆಯಲ್ಲಿ ಸೇದಿದ್ದಕ್ಕೆ 6 ತಿಂಗಳವರೆಗೆ ಜೈಲು, 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಬ್ರಾಂಡಿ ಅಂಗಡಿಗೆ ಮಾತ್ರ ಸರ್ಕಾರವೇ ಲೈಸೆನ್ಸ್ ಕೊಟ್ಟು ಬೊಕ್ಕಸ ತುಂಬಿಸಿಕೊಳ್ತದೆ!

ಆದರೆ ಅದೇ ಕಾಯ್ದೆಯಲ್ಲಿ 64ಎ ಕಲಮು ಇದೆ. ಸೇದಿದ್ದಕ್ಕೋ, ಕಿಲೋದೊಳಗೆ ಇಟ್ಟುಕೊಂಡಿದ್ದಕ್ಕೋ ಕೇಸಾದ ಚಟದವನು ತಾನಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಚಿಕಿತ್ಸೆ ಪಡೆದರೆ ಖಟ್ಲೆಯಿಂದ ಪಾರು. ಇದನ್ನು ಕೇರಿಗೆ ನಾವೇ ಮುಟ್ಟಿಸಬೇಕು. ಮನಸ್ಸು ಕೆಟ್ಟ ರಾತ್ರಿ 14416ಕ್ಕೆ ಫೋನ್ ಮಾಡಿದರೆ ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ. ಹುಡುಗರನ್ನು ಆಸ್ಪತ್ರೆಗೆ ಕರೆದೊಯ್ಯುವವರು, ಕೂಲಿ ಮತ್ತು ಕಂತಿನ ಅರ್ಜಿ ಹಿಡಿದು ತಹಸೀಲ್ದಾರ್ ಕಚೇರಿಗೆ ಬರುವವರು ಸಭೆ ಮುಗಿದ ಮೇಲೆ ಹೆಸರು ಬರೆಸಿ ಹೋಗಿರಿ.